‘ಬೆನ್-ಹರ್’: ಸೇಡು ತೀರಿದ ಮೇಲಿನ ಕಥೆ

ಲ್ಯೂ ವ್ಯಾಲೇಸ್ ಅವರ 1880ರ ಕಾದಂಬರಿ ‘ಬೆನ್-ಹರ್’ ಅಂದ್ರೆ ಎಲ್ಲರಿಗೂ ನೆನಪಾಗೋದು ರಥದ ಪಂದ್ಯ. ಆದರೆ ಎಂಟು ಭಾಗಗಳ ಕೃತಿಯಲ್ಲಿ ಪಂದ್ಯ ಐದನೆಯದಕ್ಕೇ ಮುಗಿಯುತ್ತದೆ. ತನ್ನನ್ನು ಹಡಗಿನಲ್ಲಿ ಹುಟ್ಟು ಹಾಕುವ ಗುಲಾಮನಾಗಿಸಿದ ರೋಮನ್ ಗೆಳೆಯ ಮೆಸ್ಸಾಲನ ಮೇಲೆ ಯೂದ ಅಲ್ಲೇ ಸೇಡು ತೀರಿಸಿಕೊಳ್ಳುತ್ತಾನೆ. ಹಾಗಾದ್ರೆ ಉಳಿದ ಮೂರು ಭಾಗ ಯಾಕೆ?

ಅಲ್ಲಿ ಒಬ್ಬನ ಸೇಡು ಜನಾಂಗದ ಯುದ್ಧವಾಗಿ ಬೆಳೆಯುತ್ತದೆ. ರೋಮನ್ನರನ್ನು ಓಡಿಸೋ ರಾಜ ಬರ್ತಾನೆ ಅಂತ ನಂಬಿದ ಯೂದ, ಗಲಿಲಾಯದವರನ್ನು ಸೇರಿಸಿ ಗುಟ್ಟಾಗಿ ಸೈನ್ಯ ಕಟ್ಟುತ್ತಾನೆ. ಆದರೆ ಯೇಸು ಕತ್ತಿ ಹಿಡಿಯುವುದಿಲ್ಲ, ಶಿಲುಬೆಗೇರುತ್ತಾನೆ. ಹಿಂದೆ ನಜರೇತಿನ ಬಾವಿಯ ಹತ್ತಿರ, ಕೈದಿಯಾಗಿದ್ದ ಯೂದನಿಗೆ ನೀರು ಕುಡಿಸಿದವನು ಇವನೇ. ಅದು ನೆನಪಾಗಿ ಯೂದ ಅವನ ಬಾಯಾರಿಕೆ ತಣಿಸಲು ಓಡುತ್ತಾನೆ.

ಕಟ್ಟಿದ ಸೈನ್ಯ ಯುದ್ಧಕ್ಕೇ ಇಳಿಯುವುದಿಲ್ಲ. ಸೇಡು ತೀರಿಸೋದಕ್ಕಿಂತ ಕೈಲಿರೋ ಬಲವನ್ನು ಬಿಡೋದೇ ಕಷ್ಟ. ಈ ಕಾದಂಬರಿಯಲ್ಲಿ ನಂಬಿಕೆಗೆ ನಿಜವಾದ ಪರೀಕ್ಷೆ ಅದೇ.