ಉದ್ಯೋಗ ಕಲಿಕೆಯ ಹೊಸ ದಾರಿ: ದಿಲ್ಲಿಯ ಕನ್ನಡ ನೌಕರರು ಯೋಚಿಸಬೇಕಾದ ವಿಚಾರ

ಹೊಟ್ಟೆಪಾಡಿಗಾಗಿ ದಿಲ್ಲಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಬಹುಮಂದಿ ಎರಡು ಬಾಗಿಲುಗಳಿಂದ ಈ ನಗರವನ್ನು ಹೊಕ್ಕವರು. ಒಂದು ಹೋಟೆಲಿನ ಅಡಿಗೆಮನೆಯ ಬಾಗಿಲು. ಇನ್ನೊಂದು ಸರಕಾರಿ ಕಚೇರಿ ಮತ್ತು ಬ್ಯಾಂಕುಗಳ ಗುಮಾಸ್ತಗಿರಿಯ ಬಾಗಿಲು. ಈ ಎರಡಕ್ಕೂ ಬೇಕಾದ ತರಬೇತಿಯ ರೀತಿಯು ಇಪ್ಪತ್ತೇ ವರ್ಷಗಳಲ್ಲಿ ಗುರುತು ಸಿಕ್ಕದಷ್ಟು ಬದಲಾಗಿದೆ. ಈ ಬದಲಾವಣೆಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ, ನಷ್ಟಕ್ಕೆ ಒಳಗಾಗುವವರು ಮಾಡಬೇಕಾದುದೇನು ಎಂಬುದನ್ನು ವಾಚಕರೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಹೋಟೆಲೆಂಬ ಪಾಠಶಾಲೆ

ನಮ್ಮ ಕರಾವಳಿಯವರ ಹೋಟೆಲುಗಳಲ್ಲಿ ಕಸುಬು ಕಲಿಸುವ ಕ್ರಮಕ್ಕೆ ಪಠ್ಯಪುಸ್ತಕವೆಂಬುದಿರಲಿಲ್ಲ. ಊರಿನ ಯಾರೋ ಬಂಧುವಿನ ಕೈಹಿಡಿದು ರೈಲು ಹತ್ತಿ ಬಂದ ಹುಡುಗನು ಮೊದಲು ಮೇಜು ಒರೆಸಿ, ಲೋಟ ತೊಳೆದು ದಿನ ಕಳೆಯುತ್ತಿದ್ದನು. ಬಳಿಕ ರುಬ್ಬುವ ಕಲ್ಲಿನ ಮುಂದೆ ಕೂರುತ್ತಿದ್ದನು. ಅಕ್ಕಿ, ಉದ್ದು ಎಷ್ಟು ನೆನೆಯಬೇಕು, ದಿಲ್ಲಿಯ ಜನವರಿಯ ಚಳಿಯಲ್ಲಿ ಹಿಟ್ಟು ಹುಳಿ ಬರಲು ಎಷ್ಟು ಹೊತ್ತು ಬೇಕು, ಜೂನ್ ತಿಂಗಳ ಸೆಕೆಯಲ್ಲಿ ಎಷ್ಟು ಬೇಗ ಕೆಡುತ್ತದೆ ಎಂಬುದನ್ನೆಲ್ಲ ಅಡಿಗೆಯ ಭಟ್ಟರ ಗದರಿಕೆಯಿಂದಲೇ ಅರಿಯುತ್ತಿದ್ದನು. ಮುಂದೆ ಸಪ್ಲಾಯರನಾಗಿ, ಹತ್ತು ಮೇಜುಗಳ ಲೆಕ್ಕವನ್ನು ತಲೆಯಲ್ಲಿಟ್ಟು ಗಲ್ಲಾದ ಕಡೆಗೆ ಕೂಗಿ ಹೇಳುವಷ್ಟು ಪಳಗುತ್ತಿದ್ದನು. ಭಾಗ್ಯವಿದ್ದವನು ಕೊನೆಗೆ ತಾನೇ ಗಲ್ಲಾದಲ್ಲಿ ಕುಳಿತುಕೊಳ್ಳುತ್ತಿದ್ದನು. ನಾವು ಹೋಟೆಲು ನಡೆಸುತ್ತಿದ್ದಾಗ ನಮ್ಮಲ್ಲಿದ್ದ ನುರಿತ ಕೆಲಸಗಾರರೆಲ್ಲ ಈ ಮೆಟ್ಟಲುಗಳನ್ನೇ ಹತ್ತಿ ಬಂದವರಾಗಿದ್ದರು.

ಆ ಏಣಿಯ ಕೆಳಗಿನ ಮೆಟ್ಟಲು ಈಗ ಇಲ್ಲ. ಅದು ಹೋದುದು ಒಳ್ಳೆಯದೇ ಆಯಿತು. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. 2016ರ ತಿದ್ದುಪಡಿಯಿಂದ ಆ ಕಾನೂನು ಇನ್ನಷ್ಟು ಬಿಗಿಯಾಯಿತು. ಈಗ ಬರುವ ತರುಣನು ಶಾಲೆ ಕಂಡು, ಕೈಯಲ್ಲಿ ಮೊಬೈಲ್ ಹಿಡಿದು ಬರುತ್ತಾನೆ. ಅವನನ್ನು ಎದುರುಗೊಳ್ಳುವ ಹೋಟೆಲೂ ಬೇರೆಯದೇ. ರುಬ್ಬುವ ಕಲ್ಲಿನ ಜಾಗದಲ್ಲಿ ವಿದ್ಯುತ್ ಗ್ರೈಂಡರು ತಿರುಗುತ್ತಿದೆ. ಗಲ್ಲಾದ ಮುಂದೆ ಬಿಲ್ಲಿನ ಯಂತ್ರವಿದೆ. 2016ರಲ್ಲಿ ಯು.ಪಿ.ಐ. ಆರಂಭವಾದ ಮೇಲೆ ಚಿಲ್ಲರೆಯ ಡಬ್ಬಿಯ ಪಕ್ಕದಲ್ಲಿ ಕ್ಯೂ.ಆರ್. ಚೀಟಿ ಬಂದು ಕುಳಿತಿದೆ. 2008ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಜೊಮ್ಯಾಟೊ, 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಿಗ್ಗಿ, ಇವುಗಳ ಆರ್ಡರುಗಳು ಗಾಜಿನ ಪರದೆಯ ಮೇಲೆ ಗಂಟೆ ಬಾರಿಸುತ್ತ ಬರುತ್ತವೆ.

ಇದರ ಪರಿಣಾಮವೇನು? ಪರದೆಯ ಮೇಲಿನ ಇಂಗ್ಲಿಷನ್ನು ಓದಿ, ಬೆರಳಾಡಿಸಬಲ್ಲ ಹೊಸಬನು ಎರಡೇ ತಿಂಗಳಲ್ಲಿ ಗಲ್ಲಾದ ಹತ್ತಿರ ಬರುತ್ತಾನೆ. ಇಪ್ಪತ್ತು ವರ್ಷ ಕಾವಲಿಯ ಮುಂದೆ ನಿಂತು, ಹಿಟ್ಟಿನ ವಾಸನೆಯಿಂದಲೇ ಅದರ ಹದ ಹೇಳಬಲ್ಲ ಹಳಬನು ನಿಂತಲ್ಲಿಯೇ ನಿಂತಿದ್ದಾನೆ. ದೊಡ್ಡ ಹೋಟೆಲಿಗೋ ಕಂಪೆನಿಯ ಕ್ಯಾಂಟೀನಿಗೋ ಕೆಲಸ ಕೇಳಿಕೊಂಡು ಹೋದರೆ ಅಲ್ಲಿ ಮೊದಲು ಕೇಳುವುದು ಸರ್ಟಿಫಿಕೇಟನ್ನು. ಕೈಯ ವಿದ್ಯೆಗೆ ಕಾಗದದ ಸಾಕ್ಷಿಯಿಲ್ಲದಿರುವುದೇ ನಮ್ಮ ಹೋಟೆಲು ಕಾರ್ಮಿಕರ ದೊಡ್ಡ ಕೊರತೆ.

ಕೈವಿದ್ಯೆಗೆ ಕಾಗದ

ಈ ಕೊರತೆಯನ್ನು ನೀಗಿಸಿಕೊಳ್ಳುವ ಉಪಾಯವೊಂದು ಈಗ ಇದೆ. ನಮ್ಮವರಲ್ಲಿ ಅನೇಕರಿಗೆ ಅದರ ಸುದ್ದಿಯೇ ಮುಟ್ಟಿಲ್ಲ. ಕೇಂದ್ರ ಸರಕಾರವು 2015ರಲ್ಲಿ ಆರಂಭಿಸಿದ ಕೌಶಲ ವಿಕಾಸ ಯೋಜನೆಯಲ್ಲಿ, ಶಾಲೆಗೆ ಹೋಗದೆ ದುಡಿಮೆಯಿಂದಲೇ ಕಲಿತ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕ್ರಮವೊಂದುಂಟು. ಇಂಗ್ಲಿಷಿನಲ್ಲಿ ಅದನ್ನು ಆರ್.ಪಿ.ಎಲ್. ಎಂದು ಕರೆಯುತ್ತಾರೆ. ಅಡಿಗೆಯವನು ತಾನು ನಿತ್ಯ ಮಾಡುವ ಕೆಲಸವನ್ನು ಪರೀಕ್ಷಕರ ಮುಂದೆ ಮಾಡಿ ತೋರಿಸಬೇಕು. ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಹೊಸದಾಗಿ ವರ್ಷಗಟ್ಟಲೆ ಓದಬೇಕಾಗಿಲ್ಲ.

ಎರಡನೆಯದು, ಆಹಾರ ಸುರಕ್ಷತೆಯ ತರಬೇತಿ. 2006ರ ಆಹಾರ ಸುರಕ್ಷತಾ ಕಾನೂನಿನ ಮೇರೆಗೆ ಏರ್ಪಟ್ಟ ಪ್ರಾಧಿಕಾರವು ‘ಫೋಸ್ಟ್ಯಾಕ್’ ಎಂಬ ಶಿಕ್ಷಣಕ್ರಮವನ್ನು ನಡೆಸುತ್ತಿದೆ. ಆಹಾರ ಮುಟ್ಟುವ ಪ್ರತಿ 25 ಮಂದಿ ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕನಿರಬೇಕೆಂಬುದು ಅದರ ಗುರಿ. ಮೇಲ್ವಿಚಾರಕನನ್ನು ಹೊರಗಿನಿಂದ ತರುವುದಕ್ಕಿಂತ ತಮ್ಮ ಹಳೆಯ ಸಪ್ಲಾಯರನನ್ನೇ ಆ ತರಬೇತಿಗೆ ಕಳುಹಿಸುವುದು ಮಾಲಕರಿಗೂ ಲಾಭಕರ.

ಮೂರನೆಯದು, 1961ರ ಅಪ್ರೆಂಟಿಸ್ ಕಾಯಿದೆ. ಇದು ಕಾರ್ಖಾನೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಹೋಟೆಲಿನವರು ತಿಳಿದಿದ್ದಾರೆ, ಅದು ಸರಿಯಲ್ಲ. ಅಡಿಗೆಯ ಕೆಲಸ, ಬಡಿಸುವ ಕೆಲಸಗಳಲ್ಲಿಯೂ ಅಪ್ರೆಂಟಿಸರನ್ನು ತೆಗೆದುಕೊಳ್ಳಬಹುದು. 2016ರ ಪ್ರೋತ್ಸಾಹ ಯೋಜನೆಯಂತೆ ಅವರ ವೇತನದ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರಕಾರವು ಹೊರುವ ಏರ್ಪಾಡಾಯಿತು.

ಇಂತಹ ಪ್ರಮಾಣಪತ್ರಗಳನ್ನು 2015ರಲ್ಲಿ ಬಂದ ಡಿಜಿಲಾಕರಿನಲ್ಲಿ ಇಟ್ಟುಕೊಳ್ಳಬಹುದು. ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ನಮ್ಮ ಹುಡುಗರ ತಗಡಿನ ಪೆಟ್ಟಿಗೆಗಳಲ್ಲಿ ಅಂಕಪಟ್ಟಿಗಳು ನೆನೆದು ಹರಿದುಹೋಗುವುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಗುಮಾಸ್ತರ ಪಾಡು

ಇನ್ನು ಎರಡನೆಯ ಬಾಗಿಲಿನ ಮಾತು. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗನು ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿ, ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಮುಗಿಸಿ, ಅರ್ಜಿ ಹಾಕಿ ದಿಲ್ಲಿಗೆ ಬರುವ ಕಾಲವೊಂದಿತ್ತು. ಗೋದ್ರೇಜ್ ಸಂಸ್ಥೆಯು 1955ರಲ್ಲಿ ತಯಾರಿಸಲಾರಂಭಿಸಿದ ಬೆರಳಚ್ಚಿನ ಯಂತ್ರದ ಉತ್ಪಾದನೆಯು 2009ರಲ್ಲಿ ನಿಂತಿತು. ಯಂತ್ರ ಹೋದರೂ ವೇಗದ ಪರೀಕ್ಷೆ ಹೋಗಲಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಕಿರಿಯ ಗುಮಾಸ್ತ ಹುದ್ದೆಗೆ ಕಂಪ್ಯೂಟರಿನಲ್ಲಿ ನಿಮಿಷಕ್ಕೆ ಇಂಗ್ಲಿಷಿನ 35 ಅಥವಾ ಹಿಂದಿಯ 30 ಪದಗಳನ್ನು ಹೊಡೆಯಬೇಕು. ಅಂದರೆ ಗಂಟೆಗೆ ಕ್ರಮವಾಗಿ 10,500 ಮತ್ತು 9,000 ಸಲ ಕೀಲಿಯನ್ನು ಒತ್ತಿದ ಲೆಕ್ಕ.

ಇಲ್ಲಿಯೇ ನಮ್ಮ ತರುಣರು ಎಡವುತ್ತಿದ್ದಾರೆ. ಪಾಠ ಕೇಳುವುದು ಮೊಬೈಲಿನಲ್ಲಿ. ಪ್ರಶ್ನೆಗಳನ್ನು ಅಭ್ಯಾಸ ಮಾಡುವುದು ಮೊಬೈಲಿನಲ್ಲಿ. ಪರೀಕ್ಷೆ ಮಾತ್ರ ಕಂಪ್ಯೂಟರಿನ ಮುಂದೆ! ಎರಡು ಹೆಬ್ಬೆರಳುಗಳಿಂದ ಮಿಂಚಿನಂತೆ ಬರೆಯಬಲ್ಲವನು ಹತ್ತು ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟಾಗ ತಬ್ಬಿಬ್ಬಾಗುತ್ತಾನೆ. ಬುದ್ಧಿಯಲ್ಲಿ ಯಾರಿಗೂ ಕಡಮೆಯಲ್ಲದ ಹುಡುಗನು ಅಭ್ಯಾಸಕ್ಕೆ ಯಂತ್ರವಿಲ್ಲದ ಒಂದೇ ಕಾರಣದಿಂದ ಕೆಲಸ ಕಳೆದುಕೊಳ್ಳುವುದು ದುಃಖದ ಸಂಗತಿ. ಮುಖರ್ಜಿನಗರದ ಕೋಚಿಂಗ್ ತರಗತಿಗಳಿಗೆ ಹಣ ತೆರಲು ಎಲ್ಲರಿಗೂ ಶಕ್ತಿಯಿಲ್ಲ.

ಸಂತೋಷದ ಸುದ್ದಿಯೂ ಇಲ್ಲದಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಎಂ.ಟಿ.ಎಸ್. ಪರೀಕ್ಷೆಯನ್ನು 2023ರಲ್ಲಿ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶ ದೊರೆಯಿತು. 2024ರಲ್ಲಿ ಕೇಂದ್ರ ಸಶಸ್ತ್ರ ಪೊಲೀಸು ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗೂ ಅದೇ ಸೌಕರ್ಯ ಬಂದಿತು. ಆದರೆ ಬೆರಳಚ್ಚಿನ ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿಯೇ ಇರುವುದರಿಂದ, ಗುಮಾಸ್ತನಾಗಬೇಕೆನ್ನುವವನು ಆ ಶ್ರಮವನ್ನು ತಪ್ಪಿಸಿಕೊಳ್ಳುವಂತಿಲ್ಲ.

ನಡುವಯಸ್ಸಿನಲ್ಲಿ ಹೊಸದನ್ನು ಕಲಿಯಲಾದೀತೇ ಎಂದು ಹಿಂಜರಿಯುವವರಿಗೆ ನಮ್ಮ ಬ್ಯಾಂಕು ನೌಕರರ ಉದಾಹರಣೆಯೇ ಸಾಕು. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದ ತರುವಾಯ ಬ್ಯಾಂಕುಗಳಿಗೆ ಯಂತ್ರಗಳು ಕಾಲಿಟ್ಟುವು. ಲೆಡ್ಜರ್ ಬರೆದು ಕೈ ಸವೆದ ಗುಮಾಸ್ತರು ನಲವತ್ತು, ಐವತ್ತರ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತರು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ಅಲ್ಲಿನವರು ಮತ್ತೊಂದು ಕ್ರಮಕ್ಕೆ ಹೊಂದಿಕೊಳ್ಳಬೇಕಾಯಿತು. ಬ್ಯಾಂಕು ಅವರಿಗೆ ಕಲಿಯಲು ಸಮಯವನ್ನೂ ಯಂತ್ರವನ್ನೂ ಒದಗಿಸಿತು. ಹೋಟೆಲು ಕಾರ್ಮಿಕನಿಗೆ ಇವೆರಡೂ ಇಲ್ಲವೆಂಬುದೇ ವ್ಯತ್ಯಾಸ.

ಎಚ್ಚರಿಕೆಯ ಮಾತು

ಕೆಲಸದ ಸುದ್ದಿ ತರುವ ಮೊಬೈಲೇ ಮೋಸವನ್ನೂ ತರುತ್ತದೆ. ಮನೆಯಲ್ಲಿಯೇ ಕುಳಿತು ಟೈಪು ಮಾಡುವ ಕೆಲಸ ಕೊಡಿಸುವೆವೆಂದು ಮುಂಗಡ ಹಣ ಕೇಳುವವರನ್ನು ನಂಬಬಾರದು. ಡೇಟಾ ಎಂಟ್ರಿಯಂತಹ ಕೆಲಸದ ಆಸೆ ತೋರಿಸಿ ಭಾರತದ ತರುಣರನ್ನು ಮ್ಯಾನ್ಮಾರ್, ಕಾಂಬೋಡಿಯಾಗಳಿಗೆ ಒಯ್ದು, ಅಲ್ಲಿ ವಂಚನೆಯ ದಂಧೆಗೆ ಬಲವಂತವಾಗಿ ದೂಡಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯವು 2022ರಿಂದ ಎಚ್ಚರಿಕೆ ಕೊಡುತ್ತ ಬಂದಿದೆ. ಹೊರದೇಶದ ಕೆಲಸವೆಂದ ಕೂಡಲೇ ಪಾಸ್‌ಪೋರ್ಟನ್ನು ಒಪ್ಪಿಸಬೇಡಿರಿ. ಏಜೆಂಟನ ಹೆಸರು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ಮೊದಲು ವಿಚಾರಿಸಿರಿ.

ನಾವು ಮಾಡಬಹುದಾದುದು

ಊರಿನ ಕಡೆ ಇಂತಹ ಕಾರ್ಯಕ್ಕೆ ಒಳ್ಳೆಯ ಮೇಲ್ಪಂಕ್ತಿಯಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶ್ರೀ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ಊಟ, ವಸತಿಗಳನ್ನು ಉಚಿತವಾಗಿ ಕೊಟ್ಟು ಕೆಲವೇ ವಾರಗಳಲ್ಲಿ ಕಸುಬು ಕಲಿಸಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದು ತರಬೇತಿ ಸಂಸ್ಥೆ ತೆರೆಯುವ ಕಾರ್ಯವನ್ನು ಕೇಂದ್ರ ಸರಕಾರವು ಕೈಗೊಂಡಿತು. ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದ ನಮ್ಮ ಹಿರಿಯರು ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿಯೇ ಓದಿ ಮುಂದೆ ಬಂದುದೂ ಎಲ್ಲರಿಗೆ ತಿಳಿದ ವಿಷಯ.

ದಿಲ್ಲಿಯಲ್ಲಿ ಕನ್ನಡಿಗರಿಗೆ ಸಂಘಗಳುಂಟು, ಶಾಲೆಯುಂಟು, ಸಭಾಭವನವುಂಟು. ನಾಟಕ, ಸಂಗೀತಗಳು ನಡೆಯುವ ಕಟ್ಟಡದ ಒಂದು ಕೋಣೆಯಲ್ಲಿ ನಾಲ್ಕು ಹಳೆಯ ಕಂಪ್ಯೂಟರುಗಳನ್ನಿಟ್ಟರೆ ಟೈಪಿಂಗ್ ಅಭ್ಯಾಸಕ್ಕೆ ಸಾಕು. ನಿವೃತ್ತರಾದ ಸ್ಟೆನೋಗ್ರಾಫರುಗಳೂ ಬ್ಯಾಂಕು ಅಧಿಕಾರಿಗಳೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ವಾರಕ್ಕೆರಡು ದಿನ ಕಲಿಸಲು ಅವರು ಒಲ್ಲೆನ್ನಲಾರರು. ಹೋಟೆಲು ಮಾಲಕರಲ್ಲಿ ನಮ್ಮ ವಿನಂತಿ ಇಷ್ಟೆ: ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿಯ ಗಿರಾಕಿ ಬರುವವರೆಗಿನ ಎರಡು ಗಂಟೆಗಳಲ್ಲಿ, ಕಲಿಯಬೇಕೆನ್ನುವ ಹುಡುಗರನ್ನು ಸರದಿಯಂತೆ ಬಿಟ್ಟುಕೊಡಿರಿ. ಕಲಿತವನು ಬೇರೆ ಕಡೆ ಹೋಗಿಬಿಡುತ್ತಾನೆಂಬ ಭಯ ಕೆಲವರಿಗಿದೆ. ಕೆಲವರು ಹೋಗುವುದೂ ನಿಜ. ಆದರೆ ಕಲಿಯಲು ಅವಕಾಶವಿಲ್ಲದ ಹೋಟೆಲಿಗೆ ಒಳ್ಳೆಯ ಹುಡುಗರು ಬರುವುದೇ ಕಡಮೆಯಾಗುತ್ತಿರುವುದನ್ನು ಮಾಲಕರೇ ಕಾಣುತ್ತಿದ್ದಾರೆ.

ಕೆಲಸಗಾರ ಬಂಧುಗಳಲ್ಲಿಯೂ ಒಂದು ಮಾತು. ರಾತ್ರಿ ಸಿನಿಮಾ ನೋಡುವ ಮೊಬೈಲಿನಲ್ಲಿಯೇ 2023ರಲ್ಲಿ ಆರಂಭವಾದ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ತೆರೆದು, ತಮ್ಮ ಕಸುಬಿಗೆ ಸಂಬಂಧಿಸಿದ ಪಾಠಗಳನ್ನು ನೋಡಿರಿ. ಹಿಟ್ಟಿನ ಹದ ಬಲ್ಲ ಹಿರಿಯರು ಅದನ್ನು ಕಿರಿಯರಿಗೆ ಹೇಳಿಕೊಡಲಿ. ಪರದೆ ಬಲ್ಲ ಕಿರಿಯರು ಅದನ್ನು ಹಿರಿಯರಿಗೆ ಹೇಳಿಕೊಡಲಿ. ಸಂಘಗಳವರು ಮುಂದಿನ ಕಾರ್ಯಕಾರಿ ಸಭೆಯಲ್ಲಿ ಆ ಒಂದು ಕೋಣೆಯ ವಿಚಾರವನ್ನು ಎತ್ತಿಕೊಳ್ಳುವರೆಂದು ನಾವು ನಂಬಿದ್ದೇವೆ.