ಕಿಟಕಿ ಯಾವ ದಿಕ್ಕಿಗಿರಬೇಕು?

ಮನೆ ಕಟ್ಟಿಸುವವರು ಕಿಟಕಿಯನ್ನು ಆರಿಸುವಾಗ ಸಾಮಾನ್ಯವಾಗಿ ಮೊದಲು ಅದರ ಅಂದವನ್ನೂ ಅನಂತರ ಬೆಲೆಯನ್ನೂ ನೋಡುತ್ತಾರೆ. ಅದು ಯಾವ ದಿಕ್ಕಿಗೆ ತೆರೆಯುವುದೆಂದು ವಿಚಾರಿಸುವವರು ವಿರಳ. ಆದರೆ ಕೋಣೆಯ ಸುಖವು ಬಹುಮಟ್ಟಿಗೆ ದಿಕ್ಕನ್ನೇ ಅವಲಂಬಿಸಿದೆ. ಕದವನ್ನು ಬದಲಾಯಿಸಬಹುದು, ಕಟ್ಟಿ ಮುಗಿದ ಗೋಡೆಯನ್ನು ತಿರುಗಿಸುವುದು ಸಾಧ್ಯವಿಲ್ಲ.

ಬೆಂಗಳೂರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಮಾರ್ಚ್ 21ರ ಸುಮಾರಿಗೆ ನಡುಹಗಲಿನ ಸೂರ್ಯನು ದಕ್ಷಿಣ ದಿಗಂತದಿಂದ 77 ಡಿಗ್ರಿಗಳಷ್ಟು ಎತ್ತರದಲ್ಲಿರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ಆ ಎತ್ತರವು 54 ಡಿಗ್ರಿಗಳಿಗೆ ಇಳಿಯುತ್ತದೆ. ದಕ್ಷಿಣದ ಕಿಟಕಿಯ ಮೇಲೆ 2 ಅಡಿ ಚಾಚಿದ ಸಜ್ಜವಿದೆಯೆನ್ನೋಣ. ನಡುಹಗಲಿನಲ್ಲಿ ಅದರ ನೆರಳು ಮಾರ್ಚ್ ತಿಂಗಳಲ್ಲಿ 8 ಅಡಿಗೂ ಹೆಚ್ಚಾಗಿ ಕೆಳಗಿಳಿದು ಇಡೀ ಕಿಟಕಿಯನ್ನು ಕಾಯುತ್ತದೆ. ಡಿಸೆಂಬರಿನಲ್ಲಿಯಾದರೋ ಮೂರಡಿಯೊಳಗೇ ನಿಂತು, ಚಳಿಗಾಲದ ಹಿತವಾದ ಬಿಸಿಲನ್ನು ಒಳಕ್ಕೆ ಬಿಡುತ್ತದೆ.

ಪಶ್ಚಿಮದ ಸಂಗತಿಯೇ ಬೇರೆ. ಇಳಿಹೊತ್ತಿನ ಸೂರ್ಯನ ಕಿರಣಗಳು ಸಜ್ಜದ ಕೆಳಗೆ ನುಸುಳಿ ಒಳನುಗ್ಗುತ್ತವೆ. ಅಂಗಳಕ್ಕೆ ತೆರೆಯುವ, ಗೋಡೆಯಗಲದ ಗಾಜಿನ ಬಾಗಿಲನ್ನು ಈ ದಿಕ್ಕಿಗಿಟ್ಟರೆ ಬೇಸಗೆಯಲ್ಲಿ ಕೋಣೆಯು ಕುಲುಮೆಯಾಗುತ್ತದೆ. ಇದಕ್ಕೆ ಕಾರಣವೇನು? ಗಾಜು ಬೆಳಕಿಗೆ ಸುಲಭವಾಗಿ ದಾರಿ ಕೊಡುತ್ತದೆ. ಆ ಬೆಳಕನ್ನು ಹೀರಿ ಕಾದ ನೆಲವೂ ಗೋಡೆಗಳೂ ಸೂಸುವ ದೀರ್ಘತರಂಗದ ಉಷ್ಣಕಿರಣಗಳನ್ನು ಅದು ತಡೆಯುತ್ತದೆ. ಕಾದ ಗಾಳಿಯೂ ಒಳಗೇ ಸೆರೆಯಾಗುತ್ತದೆ. ಬಿಸಿಲು ಗಾಜನ್ನು ದಾಟಿ ಬಂದ ಮೇಲೆ ಪರದೆ ಎಳೆದರೆ ಪ್ರಯೋಜನ ಸ್ವಲ್ಪವೇ. ಗಾಜಿನ ಹೊರಗೆ ಜಗಲಿಯ ಮಾಡೋ ಚಪ್ಪರವೋ ಮರದ ನೆರಳೋ ಇರುವುದು ಮೇಲು.

ಇನ್ನು ಗಾಳಿಯ ಮಾತು. ತಿರುಗಣಿಯ ಮೇಲೆ ತೆರೆಯುವ ಕದಗಳ ಕಿಟಕಿಯು ತನ್ನ ಪೂರ್ತಿ ಅಗಲವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಒಂದರ ಹಿಂದೊಂದು ಸರಿಯುವ ಎರಡು ಕದಗಳಾದರೆ ದೊರೆಯುವುದು ಅರ್ಧ ಮಾತ್ರ. ಆದರೆ ಕದ ತೆರೆಯಲು ಎಡೆಯಿಲ್ಲದ ಇಕ್ಕಟ್ಟಿನಲ್ಲಿ ಇವೇ ಅನುಕೂಲ. ಕಿಟಕಿ ಎಷ್ಟೇ ದೊಡ್ಡದಾದರೂ ಒಂಟಿಯಾದರೆ ಸಾಲದು; ಬಂದ ಗಾಳಿ ಹೊರಹೋಗಲು ಎದುರು ಗೋಡೆಯಲ್ಲಿಯೂ ದಾರಿ ಬೇಕು. ಬಿಸಿಗಾಳಿ ಮೇಲೇರುವುದರಿಂದ, ಛಾವಣಿಯ ಸಮೀಪದಲ್ಲಿ ಒಂದು ಗವಾಕ್ಷಿಯಿದ್ದರೆ ಗಾಳಿ ಬೀಸದ ದಿನವೂ ಕೋಣೆ ಉಸಿರಾಡುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಕೋಣೆಯ ನಡುವೆ ಒಂದು ಊದುಬತ್ತಿಯನ್ನು ಹಚ್ಚಿಡಿರಿ. ಮೊದಲು ಒಂದೇ ಕಿಟಕಿಯನ್ನು, ಬಳಿಕ ಎದುರಿನದನ್ನೂ ತೆರೆದು ಹೊಗೆಯ ಜಾಡನ್ನು ಗಮನಿಸಿರಿ. ನಿಮ್ಮ ಮನೆಯ ಕಿಟಕಿಗಳ ಗುಣದೋಷಗಳನ್ನು ಆ ಹೊಗೆಯೇ ಹೇಳುತ್ತದೆ.