ಮಳೆಗಾಲಕ್ಕೆ ಮುನ್ನ ಸಂಪು ಮತ್ತು ಪಂಪು

ಮನೆಯೊಳಗೆ ನುಗ್ಗಿದ ಮಳೆನೀರು ಒಂದೆರಡು ದಿನಗಳಲ್ಲಿ ಇಳಿದುಹೋಗುತ್ತದೆ. ಆದರೆ ಅದು ಬಿಟ್ಟುಹೋಗುವ ಕಾಯಿಲೆಗಳು ವಾರ, ಎರಡು ವಾರ ಕಳೆದ ಮೇಲೆ ಒಂದೊಂದಾಗಿ ತಲೆ ಎತ್ತುತ್ತವೆ. ಮಕ್ಕಳಿಗೆ ವಾಂತಿಭೇದಿ, ದೊಡ್ಡವರಿಗೆ ಮೈಕೈ ನೋವಿನ ಜ್ವರ, ಇನ್ನೊಬ್ಬರಿಗೆ ಕಾಮಾಲೆ. ‘ಹವಾ ಬದಲಾಯಿತು, ಅದಕ್ಕೇ’ ಎಂದು ಮಳೆಯನ್ನು ದೂರುವುದು ನಮ್ಮ ರೂಢಿ. ಕಾರಣ ಎಷ್ಟೋ ವೇಳೆ ನಮ್ಮ ಅಂಗಳದ ಕೆಳಗೇ, ಕುಡಿಯುವ ನೀರು ತುಂಬಿಡುವ ಸಂಪಿನಲ್ಲಿಯೇ ಇರುತ್ತದೆ.

ಆರೋಗ್ಯದ ಅಂಕಣದಲ್ಲಿ ಪಂಪಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಸಂಪಿನ ಮುಚ್ಚಳ, ಪಂಪಿನ ಜಾಲರಿ, ಒಂದು ಸ್ವಿಚ್ಚು ಇವು ಸರಿಯಾಗಿದ್ದರೆ ಮಳೆಗಾಲದ ಎಷ್ಟೋ ಕಾಯಿಲೆಗಳು ಮನೆಯ ಹೊಸ್ತಿಲು ದಾಟುವುದಿಲ್ಲ. ಆದ್ದರಿಂದಲೇ ಈ ವಾರ ಈ ವಿಷಯ.

ಬೆನ್ನಿಗೆ ಗುಡ್ಡ, ಎದುರಿಗೆ ಕಡಲು

ಕಾರವಾರದ ಬೈತಖೋಲವನ್ನು ಕಂಡವರಿಗೆ ಈ ತೊಂದರೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಕಡೆ ಬಂದರು ಮತ್ತು ಮೀನುಗಾರಿಕೆ ಧಕ್ಕೆ, ಇನ್ನೊಂದು ಕಡೆ ಗುಡ್ಡ, ನಡುವೆ ಮನೆಗಳು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಗುಡ್ಡದ ಮೇಲೆ ಬಿದ್ದ ನೀರು ಕೆಮ್ಮಣ್ಣು, ತರಗೆಲೆ, ಕಸಗಳನ್ನು ಹೊತ್ತು ಕೆಳಗಿಳಿಯುತ್ತದೆ. ಅದೇ ಹೊತ್ತಿಗೆ ಸಮುದ್ರ ಭರತದಲ್ಲಿದ್ದರೆ ಗಟಾರದ ನೀರು ಕಡಲಿಗೆ ಇಳಿಯಲಾರದೆ ಹಿಂದಕ್ಕೆ ತಳ್ಳಲ್ಪಡುತ್ತದೆ. ಹೀಗೆ ಮೇಲಿನಿಂದಲೂ ಕೆಳಗಿನಿಂದಲೂ ಬಂದ ನೀರು ಸೇರುವುದು ತಗ್ಗಿನ ಮನೆಯ ಅಂಗಳದಲ್ಲಿ.

ನದಿಯ ದಂಡೆಯ ಊರುಗಳ ಪಾಡು ಇನ್ನೊಂದು ಬಗೆಯದು. 2019ರ ಆಗಸ್ಟ್‌ನಲ್ಲಿ ಕಾಳಿ ಮತ್ತು ಗಂಗಾವಳಿ ನದಿಗಳು ಉಕ್ಕಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. 2021ರ ಜುಲೈಯಲ್ಲಿ ಮತ್ತೆ ಅದೇ ಕಥೆಯಾಯಿತು. ಅಂಥ ನೆರೆಯಲ್ಲಿ ಬಾವಿ, ಸಂಪು, ಶೌಚಾಲಯದ ಗುಂಡಿ ಎಲ್ಲವೂ ಒಂದೇ ನೀರಿನಡಿ ಇರುತ್ತವೆ. ಕುಡಿಯುವ ನೀರಿಗೂ ಕೊಳಚೆಗೂ ನಡುವಿನ ಗೋಡೆ ಅಲ್ಲಿಗೆ ಮುಗಿಯಿತು.

ಸಂಪಿಗೆ ಕೊಳೆ ಬರುವ ದಾರಿಗಳು

ಸಾಮಾನ್ಯವಾಗಿ ನಾಲ್ಕು ದಾರಿಗಳಿಂದ ಸಂಪಿನ ನೀರು ಕೆಡುತ್ತದೆ. ಮೊದಲನೆಯದು ಮುಚ್ಚಳ. ಅಂಗಳದ ಮಟ್ಟದಲ್ಲೇ ಬಾಯಿ ಇರುವ ಸಂಪಿಗೆ ಅಂಗಳ ತೊಳೆದ ನೀರೂ ಇಳಿಯುತ್ತದೆ. ಬಾಯಿಯ ಸುತ್ತ ಕನಿಷ್ಠ ಒಂದು ಅಡಿ ಎತ್ತರದ ಕಟ್ಟೆ ಇರಬೇಕು. ಹಿಂದಿನ ವರ್ಷಗಳಲ್ಲಿ ನೀರು ಅದಕ್ಕಿಂತ ಮೇಲೆ ಬಂದಿದ್ದರೆ ಕಟ್ಟೆ ಆ ಗುರುತಿಗಿಂತ ಎತ್ತರವಿರಬೇಕು. ಮುಚ್ಚಳಕ್ಕೆ ಬೀಗ ಹಾಕಿಡಿ. ತೆರೆದ ಸಂಪಿಗೆ ಬಿದ್ದು ಪುಟ್ಟ ಮಕ್ಕಳು ಜೀವ ಕಳೆದುಕೊಂಡ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ.

ಎರಡನೆಯದು ಗೋಡೆಯ ಬಿರುಕು. ಮಳೆಗಾಲದಲ್ಲಿ ನೆಲದ ನೀರಿನ ಮಟ್ಟ ಏರಿದಾಗ ಸುತ್ತಲಿನ ನೀರು ಬಿರುಕಿನಿಂದ ಒಳಗೆ ಜಿನುಗುತ್ತದೆ. ಹತ್ತಿರದಲ್ಲಿ ಶೌಚಾಲಯದ ಗುಂಡಿ ಇದ್ದರೆ ಬರುವುದು ಬರೀ ನೀರಲ್ಲ. ನೀರು ಬಿಡದ, ಪಂಪು ಹಾಕದ ರಾತ್ರಿಯಲ್ಲೂ ಸಂಪಿನ ಮಟ್ಟ ಏರಿದ್ದರೆ ಇದನ್ನು ಅನುಮಾನಿಸಬೇಕು.

ಮೂರನೆಯದು ಹೆಚ್ಚಾದ ನೀರು ಹೊರಹೋಗುವ ಕೊಳವೆ. ಅದರ ಬಾಯಿ ಗಟಾರಕ್ಕೆ ನೇರವಾಗಿ ಸೇರಿದ್ದರೆ ಗಟಾರ ತುಂಬಿದಾಗ ಕೊಳಚೆ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಆ ಬಾಯಿ ಗಟಾರಕ್ಕಿಂತ ಎತ್ತರದಲ್ಲಿದ್ದು ಸಣ್ಣ ಕಣ್ಣಿನ ಜಾಲರಿಯನ್ನು ಹೊಂದಿರಬೇಕು.

ನಾಲ್ಕನೆಯದು ನಾವೇ ಮಾಡುವ ತಪ್ಪು. ಅಂಗಳದ ಕೊಳಚೆ ಎತ್ತಿದ ಪಂಪನ್ನೇ ತೊಳೆದು ಕುಡಿಯುವ ನೀರಿನ ಸಂಪಿಗೆ ಇಳಿಸುವುದು. ಎಷ್ಟು ತೊಳೆದರೂ ಪಂಪಿನ ಒಳಗಿನ ಹೊರಳುಗಳಲ್ಲಿ ಕೊಳೆ ಉಳಿಯುತ್ತದೆ. ಕೊಳಚೆಗೆ ಒಂದು ಪಂಪು, ಕುಡಿಯುವ ನೀರಿಗೆ ಇನ್ನೊಂದು. ಹಗ್ಗ, ಬಕೆಟ್ಟು, ಪೈಪುಗಳೂ ಬೇರೆಬೇರೆಯೇ ಇರಲಿ.

ಮೇ ತಿಂಗಳ ಕೆಲಸ

ಸಂಪನ್ನು ವರ್ಷಕ್ಕೆ ಎರಡು ಬಾರಿಯಾದರೂ ತೊಳೆಯಬೇಕು. ಅದರಲ್ಲಿ ಒಂದು ಬಾರಿ ಮೇ ತಿಂಗಳಲ್ಲೇ ಆಗಬೇಕು. ಆಗ ಸಂಪಿನಲ್ಲಿ ನೀರು ಕಡಿಮೆ ಇರುವುದರಿಂದ ವ್ಯರ್ಥವಾಗುವುದೂ ಕಡಿಮೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಜುಲೈಯಲ್ಲಿ ನೆಲ ನೀರು ಕುಡಿದು ತುಂಬಿರುತ್ತದೆ. ಆಗ ಸಂಪನ್ನು ಪೂರ್ತಿ ಖಾಲಿ ಮಾಡಿದರೆ ಸುತ್ತಲಿನ ನೀರಿನ ಒತ್ತಡಕ್ಕೆ ಸಂಪಿನ ತಳ ಬಿರಿಯಬಹುದು, ಹಗುರವಾದ ಪ್ಲಾಸ್ಟಿಕ್ ತೊಟ್ಟಿಯಾದರೆ ಮೇಲಕ್ಕೇ ಎದ್ದುಬಿಡಬಹುದು.

ತಳದ ಹೂಳನ್ನು ತೆಗೆದು ಗೋಡೆಗಳನ್ನು ಬ್ರಷ್ಷಿನಿಂದ ಗಟ್ಟಿಯಾಗಿ ಉಜ್ಜಬೇಕು. ಡೆಂಗಿ ಹರಡುವ ಸೊಳ್ಳೆ ಶುದ್ಧ ನೀರಿನಲ್ಲೇ ಬೆಳೆಯುವಂಥದು. ನೀರಿನ ಅಂಚಿನ ಗೋಡೆಗೆ ಅದು ಅಂಟಿಸುವ ಮೊಟ್ಟೆಗಳು ನೀರು ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವಂತವಾಗಿ ಉಳಿಯಬಲ್ಲವು. ಬರೀ ನೀರು ಚೆಲ್ಲಿದರೆ ಅವು ಹೋಗುವುದಿಲ್ಲ, ಉಜ್ಜಲೇಬೇಕು.

ತೊಳೆದು ನೀರು ತುಂಬಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಒಳ್ಳೆಯ ಪೌಡರ್ ಆದರೆ 1,000 ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. ಸಂಪಿನ ಉದ್ದ, ಅಗಲ ಮತ್ತು ನೀರಿನ ಆಳವನ್ನು ಅಡಿಗಳಲ್ಲಿ ಅಳೆದು ಗುಣಿಸಿ, ಬಂದ ಸಂಖ್ಯೆಯನ್ನು 28ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಆರು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ನೀರು ಇದ್ದರೆ ಸುಮಾರು 4,200 ಲೀಟರ್. ಅದಕ್ಕೆ 10ರಿಂದ 11 ಗ್ರಾಂ ಪೌಡರ್ ಬೇಕು. ಪೌಡರನ್ನು ನೇರವಾಗಿ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಮತ್ತಷ್ಟು ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಹಾಕಿ ಕಲಕಿ. ಒಂದು ಗಂಟೆ ಕಳೆದ ನಂತರ ನೀರನ್ನು ಬಳಸಬಹುದು.

ಎರಡು ಮಾತು ಗಮನದಲ್ಲಿರಲಿ. ತೆರೆದಿಟ್ಟ ಅಥವಾ ಹಳೆಯ ಪೌಡರ್ ಶಕ್ತಿ ಕಳೆದುಕೊಂಡಿರುತ್ತದೆ. ನೀರು ಕದಡಿದ್ದರೆ ಹೊಸ ಪೌಡರ್ ಕೂಡ ಸರಿಯಾಗಿ ಕೆಲಸ ಮಾಡದು. ಸ್ಫಟಿಕ ಹಾಕಿದರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಸ್ಫಟಿಕ ಮಣ್ಣನ್ನು ಕೆಳಗಿಳಿಸುತ್ತದೆ, ರೋಗಾಣುಗಳನ್ನು ಕೊಲ್ಲುವುದಿಲ್ಲ. ಬ್ಲೀಚಿಂಗ್ ಪೌಡರನ್ನು ಆ್ಯಸಿಡ್ ಅಥವಾ ಶೌಚಾಲಯ ತೊಳೆಯುವ ದ್ರವದೊಡನೆ ಎಂದೂ ಬೆರೆಸಬೇಡಿ. ಹುಟ್ಟುವ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ಪಂಪು ಕಟ್ಟಿಕೊಳ್ಳುವುದೇಕೆ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಬೈತಖೋಲದ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ. ಆ ಬಿಡುವಿನಲ್ಲಿ ಎಂಜಿನ್ ಬಿಚ್ಚಿ ನೋಡುವುದು, ಬಲೆ ಹೆಣೆಯುವುದು ನಡೆಯುತ್ತದೆ. ದೋಣಿಯ ತಳದಲ್ಲಿ ಸೇರುವ ನೀರನ್ನು ಎತ್ತಿಹಾಕುವ ಪಂಪನ್ನು ಪರೀಕ್ಷಿಸದೆ ಯಾರೂ ಕಡಲಿಗೆ ಇಳಿಯುವುದಿಲ್ಲ. ಮನೆಯ ಪಂಪಿಗೂ ಅಷ್ಟೇ ಗಮನ ಬೇಕು.

ಪಂಪು ಕೆಡುವುದು ಹೆಚ್ಚಾಗಿ ಮೋಟಾರಿನ ದೋಷದಿಂದಲ್ಲ, ಕಸದಿಂದ. ತರಗೆಲೆ, ಪ್ಲಾಸ್ಟಿಕ್ ಚೀಲ, ಕೂದಲು, ನೂಲು, ಕೆಮ್ಮಣ್ಣಿನ ಹೂಳು ಇವು ಜಾಲರಿಗೆ ಅಂಟಿ ನೀರಿನ ದಾರಿ ಮುಚ್ಚುತ್ತವೆ. ನೀರು ಬಾರದೆ ಓಡಿದ ಪಂಪು ಕಾದು ಸುಟ್ಟುಹೋಗುತ್ತದೆ. ಆದ್ದರಿಂದ ಪಂಪನ್ನು ತಳಕ್ಕೆ ಮುಟ್ಟುವಂತೆ ಇಡದೆ ಇಟ್ಟಿಗೆ ಅಥವಾ ಕಲ್ಲಿನ ಮೇಲೆ ಕೂರಿಸಿ. ಕೊಳಚೆ ಎತ್ತುವ ಹೊಂಡಕ್ಕೆ ನೀರು ಬರುವ ದಾರಿಯಲ್ಲೇ ಒಂದು ಜಾಲರಿ ಹಾಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಜೋರು ಮಳೆಯ ಮರುದಿನ ತಪ್ಪದೆ, ಅದನ್ನು ತೆಗೆದು ತೊಳೆಯಿರಿ.

ನೀರು ಏರಿದಾಗ ತಾನೇ ಚಾಲೂ ಆಗುವ ಪಂಪಿನಲ್ಲಿ ಒಂದು ಬೆಂಡು ಇರುತ್ತದೆ. ಅದು ಗೋಡೆಗೋ ವಯರಿಗೋ ಸಿಕ್ಕಿಕೊಂಡರೆ ಪಂಪು ಚಾಲೂ ಆಗುವುದಿಲ್ಲ, ಇಲ್ಲವೇ ನಿಲ್ಲುವುದೇ ಇಲ್ಲ. ಮೇ ಕೊನೆಯಲ್ಲಿ ಹೊಂಡಕ್ಕೆ ನಾಲ್ಕಾರು ಬಕೆಟ್ ನೀರು ಸುರಿದು ಬೆಂಡು ಏಳುತ್ತದೆಯೇ, ಪಂಪು ಓಡುತ್ತದೆಯೇ, ನೀರು ಖಾಲಿಯಾದಾಗ ನಿಲ್ಲುತ್ತದೆಯೇ ಎಂದು ನೋಡಿ. ಮಳೆಗಾಲ ಮುಗಿದ ಮೇಲೂ ತಿಂಗಳಿಗೊಮ್ಮೆ ಹೀಗೆ ಓಡಿಸಿದರೆ ಒಳಗಿನ ಭಾಗಗಳು ಹಿಡಿದುಕೊಳ್ಳುವುದಿಲ್ಲ.

ಹೊರಬಿಟ್ಟ ನೀರು ಪೈಪಿನಲ್ಲೇ ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಇದೆಯೇ ನೋಡಿಕೊಳ್ಳಿ. ಕುಡಿಯುವ ನೀರಿನ ಪಂಪು ಪ್ರತಿ ಬಾರಿಯೂ ನೀರು ತುಂಬಿಸಿಯೇ ಚಾಲೂ ಆಗುವುದಾದರೆ ಫುಟ್ ವಾಲ್ವಿನಲ್ಲಿ ಕಸ ಸಿಕ್ಕಿರುವ ಸಂಭವ ಹೆಚ್ಚು. ಕಡಲ ಗಾಳಿಯ ಉಪ್ಪು ಕಬ್ಬಿಣದ ಬೋಲ್ಟು, ವಯರಿನ ತುದಿಗಳನ್ನು ಬೇಗ ತಿನ್ನುತ್ತದೆ. ಇವುಗಳನ್ನು ವರ್ಷಕ್ಕೊಮ್ಮೆ ಬದಲಿಸುವುದು ದೊಡ್ಡ ಖರ್ಚಲ್ಲ.

ಜೀವಕ್ಕೆ ಎರಗುವ ಅಪಾಯಗಳು

ಕಾಯಿಲೆಗಿಂತ ಮೊದಲೇ ಜೀವ ತೆಗೆಯಬಲ್ಲವು ಎರಡಿವೆ: ವಿದ್ಯುತ್ತು ಮತ್ತು ಕೆಟ್ಟ ಗಾಳಿ. ನೀರು ನಿಂತ ಅಂಗಳದಲ್ಲಿ ನಿಂತುಕೊಂಡು ಪಂಪಿನ ಪ್ಲಗ್ಗು, ಸ್ವಿಚ್ಚು ಮುಟ್ಟಬಾರದು. ಪಂಪನ್ನು ವಯರಿನಿಂದ ಹಿಡಿದು ಎತ್ತಬಾರದು, ಅದಕ್ಕೆ ಬೇರೆ ಹಗ್ಗ ಕಟ್ಟಿರಬೇಕು. ಸ್ವಿಚ್ಚಿನ ಹಲಗೆ ನೆರೆಯ ಗುರುತಿಗಿಂತ ಎತ್ತರದಲ್ಲಿರಲಿ. ಅರ್ಥಿಂಗ್ ಸರಿಯಾಗಿರಲಿ. ಸೋರಿಕೆಯಾದ ಕ್ಷಣ ವಿದ್ಯುತ್ತನ್ನು ಕಡಿದುಹಾಕುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸಾಧನವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿಕೊಳ್ಳಿ.

ಬಹುಕಾಲ ಮುಚ್ಚಿದ್ದ ಸಂಪಿನೊಳಗೆ ಆಮ್ಲಜನಕ ಕಡಿಮೆ ಇರುತ್ತದೆ. ಕೊಳೆತ ಹೂಳಿದ್ದರೆ ವಿಷಾನಿಲವೂ ಇರಬಹುದು. ಇಳಿದವರು ಕುಸಿದರೆಂದು ಅವರನ್ನು ಎತ್ತಲು ಇಳಿದವರೂ ಸಾಯುವುದು ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಂಡುಬರುತ್ತದೆ. ಮುಚ್ಚಳವನ್ನು ಹಲವು ಗಂಟೆ ತೆರೆದಿಟ್ಟು, ಫ್ಯಾನಿನಿಂದ ಗಾಳಿ ಹಾಯಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತ ಮೇಲೆಯೇ ಇಳಿಯಬೇಕು. ಕೆಟ್ಟ ವಾಸನೆ ಇದ್ದರೆ ಇಳಿಯಲೇಬಾರದು. ಒಳಗಿದ್ದವರು ಕುಸಿದರೆ ಹಗ್ಗದಿಂದ ಮೇಲೆಳೆಯಿರಿ, ಅಗ್ನಿಶಾಮಕ ದಳವನ್ನು ಕರೆಯಿರಿ, ಹಿಂದೆಯೇ ಇಳಿಯಬೇಡಿ. ಪೆಟ್ರೋಲ್, ಡೀಸೆಲ್ ಪಂಪನ್ನು ಮನೆಯೊಳಗಾಗಲಿ ಕಿಟಕಿಯ ಬಳಿಯಾಗಲಿ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ನೀರು ನುಗ್ಗಿದ ಮೇಲೆ

ನೆರೆಯ ನೀರು ಸಂಪಿಗೆ ಸೇರಿದ್ದರೆ ಆ ನೀರನ್ನು ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ಬಳಸಬೇಡಿ. ನೀರು ತಿಳಿಯಾಗಿ ಕಂಡರೂ ನಂಬಬೇಡಿ. ಸುತ್ತಲಿನ ನೀರು ಇಳಿಯುವವರೆಗೆ ಕಾದು, ನಂತರ ಸಂಪನ್ನು ಖಾಲಿ ಮಾಡಿ ಹೂಳು ತೆಗೆದು ಉಜ್ಜಿ ತೊಳೆಯಬೇಕು. ಬಳಿಕ ನೀರು ತುಂಬಿ, 1,000 ಲೀಟರಿಗೆ 150ರಿಂದ 200 ಗ್ರಾಂ ಬ್ಲೀಚಿಂಗ್ ಪೌಡರಿನ ತಿಳಿ ಹಾಕಿ ಒಂದು ದಿನ ಬಿಡಿ. ಈ ನೀರು ಬಳಕೆಗಲ್ಲ. ಸ್ವಲ್ಪವನ್ನು ಮೇಲಿನ ಟ್ಯಾಂಕಿಗೂ ಕೊಳವೆಗಳಿಗೂ ಹಾಯಿಸಿ, ಮರುದಿನ ಎಲ್ಲವನ್ನೂ ಚೆಲ್ಲಿ ಹೊಸ ನೀರು ತುಂಬಿಕೊಳ್ಳಿ. ಅಲ್ಲಿಯವರೆಗೆ ಬೇರೆಡೆಯ ಸುರಕ್ಷಿತ ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ.

ಕೊಳಚೆಯಲ್ಲಿ ಕೆಲಸ ಮಾಡುವಾಗ ಗಂಬೂಟು, ರಬ್ಬರ್ ಕೈಚೀಲ ಧರಿಸಿ. ಕಾಲಿನಲ್ಲಿ ಗಾಯವಿದ್ದವರು, ಸಕ್ಕರೆ ಕಾಯಿಲೆಯವರು ಆ ನೀರಿಗೆ ಇಳಿಯದಿರುವುದು ಕ್ಷೇಮ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರದ ರೋಗಾಣು ಸಣ್ಣ ಗೀರಿನ ಮೂಲಕವೂ ಮೈ ಸೇರುತ್ತದೆ.

ವೈದ್ಯರಲ್ಲಿಗೆ ಯಾವಾಗ?

ನೀರಿನಲ್ಲಿ ಓಡಾಡಿದ ಕೆಲವು ದಿನಗಳಿಂದ ಹಿಡಿದು ನಾಲ್ಕು ವಾರಗಳ ಒಳಗೆ ಜ್ವರ, ತಲೆನೋವು, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರವಿರಬಹುದು. ನೆರೆನೀರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಬೇಗ ಚಿಕಿತ್ಸೆ ದೊರೆತರೆ ಗುಣವಾಗುವ ಈ ಕಾಯಿಲೆ, ತಡವಾದರೆ ಮೂತ್ರಪಿಂಡ ಮತ್ತು ಯಕೃತ್ತನ್ನು ಕೆಡಿಸುತ್ತದೆ. ಕಣ್ಣು, ಮೂತ್ರ ಹಳದಿಯಾದರೆ, ಮೂತ್ರ ಕಡಿಮೆಯಾದರೆ ಒಂದು ದಿನವೂ ಕಾಯಬಾರದು. ಜ್ವರಕ್ಕೆ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆ ತಂದು ನುಂಗಬೇಡಿ. ಡೆಂಗಿಯಾಗಿದ್ದರೆ ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ವಾಂತಿಭೇದಿಗೆ ಆಸ್ಪತ್ರೆಯ ಓಆರ್‌ಎಸ್ ಪೊಟ್ಟಣವೇ ಉತ್ತಮ. ಅದು ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಮಗು ಮಂಕಾದರೆ, ಕುಡಿಯಲು ಒಪ್ಪದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಕ್ಕಪಕ್ಕದ ಎರಡು ಮೂರು ಮನೆಗಳಲ್ಲಿ ಒಟ್ಟಿಗೆ ಭೇದಿ ಕಾಣಿಸಿಕೊಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ನೀರಿನ ಪರೀಕ್ಷೆ ಮಾಡಿಸಿ.

ಪಂಪಿಗೂ ಮಿತಿಯಿದೆ

2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣುಪಾಲಾದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಇಂಥ ಜಾಗದಲ್ಲಿ ಮನೆಯವರು ಪಂಪಿನ ಮುಂದೆ ಕೂತಿರುವುದು ಸರಿಯಲ್ಲ. ಗುಡ್ಡದ ಬುಡದಲ್ಲಿ ಹೊಸದಾಗಿ ನೀರು ಉಕ್ಕುತ್ತಿದ್ದರೆ, ಇದ್ದಕ್ಕಿದ್ದಂತೆ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದರೆ, ಗೋಡೆ ಅಥವಾ ನೆಲದಲ್ಲಿ ಬಿರುಕು ಅಗಲವಾಗುತ್ತಿದ್ದರೆ, ಮರಗಳು ವಾಲುತ್ತಿದ್ದರೆ ಸಾಮಾನು ಸರಂಜಾಮು ಬಿಟ್ಟು ಮನೆಯವರೆಲ್ಲ ಹೊರಡಬೇಕು. ಹಾಗೆಯೇ ನಿಮ್ಮ ಪಂಪಿನ ನೀರನ್ನು ನೆರೆಮನೆಯ ಅಂಗಳಕ್ಕೋ ಗುಡ್ಡದ ಇಳಿಜಾರಿಗೋ ಬಿಡಬೇಡಿ. ಒಬ್ಬರ ಅಂಗಳ ಒಣಗಿದರೆ ಕೇರಿಯ ಕಾಯಿಲೆ ತಪ್ಪುವುದಿಲ್ಲ.

ಮೇ ತಿಂಗಳ ಒಂದು ಭಾನುವಾರ, ಮನೆಮಂದಿಯೆಲ್ಲ ಸೇರಿ ಅರ್ಧ ದಿನ ದುಡಿದರೆ ಈ ಕೆಲಸ ಮುಗಿಯುತ್ತದೆ. ಸಾಧ್ಯವಾದರೆ ಕೇರಿಯವರೆಲ್ಲ ಅದೇ ದಿನ ಗಟಾರದ ಹೂಳನ್ನೂ ತೆಗೆಯಿರಿ. ಸಂಪಿನ ಮುಚ್ಚಳದ ಒಳಬದಿಯಲ್ಲಿ ತೊಳೆದ ತಾರೀಖನ್ನು ಬಣ್ಣದಿಂದ ಬರೆದಿಡಿ. ಮುಂದಿನ ಸಲ ಯಾವಾಗ ಎಂದು ಅದೇ ನೆನಪಿಸುತ್ತದೆ.